ಮಡಿಲಲ್ಲಿ ಬಂದ ಗಂಧಬಾಳೆ

ಹೊಳೆಯ ಈಚೆ ದಡದಲ್ಲಿ ಮೂವರು ಅಕ್ಕತಂಗಿಯರು ಇದ್ದರಂತೆ. ಆಚೆಗೆ ಹೋಗಲು ಒಂದೇ ಹರಿಗೋಲು. ಅಂಬಿಗನ ಕಟ್ಟಳೆ ಏನೆಂದರೆ, ಹತ್ತುವವರು ಜೋಡಿಯಾಗಿಯೇ ಹತ್ತಬೇಕು. ಇಬ್ಬರು ಹತ್ತಿದರೆ ಒಬ್ಬಳು ಉಳಿಯುತ್ತಾಳೆ. ಉಳಿದವಳು ಅಳುತ್ತಾಳೆ. ಅವಳ ಅಳು ಕೇಳಲಾರದೆ ಹತ್ತಿದ ಇಬ್ಬರೂ ಇಳಿದು ಬರುತ್ತಾರೆ. ಹೀಗೆ ಹತ್ತುವುದು ಇಳಿಯುವುದರಲ್ಲೇ ಹೊತ್ತು ಮುಳುಗಿ, ಕೊನೆಗೆ ಮೂವರೂ ಸೆರಗಿಗೆ ಸೆರಗು ಗಂಟು ಹಾಕಿಕೊಂಡು ದಡದಲ್ಲೇ ನಿಂತುಬಿಟ್ಟರಂತೆ. ನಿಂತ ಕಾಲು ಬೇರಾಯಿತು, ಸೆರಗು ಎಲೆಯಾಯಿತು. ಅದೇ ಗಂಧಬಾಳೆ. ಅದಕ್ಕೇ ಅದರೊಳಗೆ ಬೀಜವಿಲ್ಲ. ಹೊಳೆ ದಾಟಿದವರಿಗೆ ತಾನೆ ಮಕ್ಕಳು!

ಈ ಕತೆಯನ್ನು ಮಾದಲಾಂಬಿಕೆ ಐದು ವರ್ಷದವಳಿದ್ದಾಗ ಅಜ್ಜಿ ದುಂಡಮ್ಮನ ತೊಡೆಯ ಮೇಲೆ ಮಲಗಿ ಕೇಳಿದ್ದಳು. ಇಪ್ಪತ್ತು ವರ್ಷ ಕಳೆದು, ಕಪಿಲೆಯ ದಡದ ಹಣ್ಣಿನ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ, ಬಾಳೆಯ ಕೋಶವನ್ನು ದೊಡ್ಡದು ಮಾಡಿ ನೋಡಿದಾಗ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಜ್ಜಿಯ ಕತೆ ಅಲ್ಲಿ ಇದ್ದ ಹಾಗೇ ನಿಂತಿತ್ತು.

ಮನುಷ್ಯರಲ್ಲಿ, ಹಸುವಿನಲ್ಲಿ, ಭತ್ತದಲ್ಲಿ ವಂಶದ ಎಳೆಗಳು ಜೋಡಿಜೋಡಿಯಾಗಿರುತ್ತವೆ. ತಾಯಿಯದೊಂದು, ತಂದೆಯದೊಂದು. ಬೀಜ ಕಟ್ಟುವ ಹೊತ್ತಿಗೆ ಜೋಡಿಗಳು ಎದುರುಬದುರು ನಿಂತು, ಅತ್ತ ಒಂದು ಇತ್ತ ಒಂದು ಹೋಗುತ್ತವೆ. ಗಂಧಬಾಳೆಯಲ್ಲಿ ಹನ್ನೊಂದು ಬಗೆಯ ಎಳೆಗಳು, ಪ್ರತಿಯೊಂದೂ ಮೂರು ಮೂರು. ಎರಡು ಕಟ್ಟು ಸಿಹಿ ಕುಲದ ಕಾಡುಬಾಳೆಯಿಂದ, ಒಂದು ಕಟ್ಟು ಗಟ್ಟಿ ಕುಲದ ಕಾಡುಬಾಳೆಯಿಂದ ಬಂದವು. ಹರಿಗೋಲು ಹತ್ತುವ ಹೊತ್ತಿಗೆ ಮೂರನೆಯದು ದಡದಲ್ಲಿ ಉಳಿಯುತ್ತದೆ. ಬೀಜ ಕಟ್ಟುವುದಿಲ್ಲ. ಹಣ್ಣು ಬರೀ ತಿರುಳು. ವಂಶ ಮುಂದುವರಿಯುವುದು ಬುಡದಲ್ಲಿ ಒಡೆಯುವ ಕಂದಿನಿಂದ ಮಾತ್ರ. ಅಂದರೆ ಲೋಕದಲ್ಲಿ ಇದ್ದ ಗಂಧಬಾಳೆಗಳೆಲ್ಲ ಒಂದೇ ಗಿಡ. ಒಂದೇ ಮೈ ಹಿತ್ತಿಲಿಂದ ಹಿತ್ತಿಲಿಗೆ ನಡೆದುಕೊಂಡು ನೂರಾರು ವರ್ಷ ಬದುಕಿತ್ತು. ಸೊರಗು ರೋಗ ಬಂದಾಗ ಆ ಒಂದೇ ಮೈ ಎಲ್ಲ ಕಡೆ ಒಟ್ಟಿಗೇ ಸತ್ತಿತು. ಮೊದಲು ಒಂದು ಎಲೆ ಹಳದಿ, ಆಮೇಲೆ ಗಿಡ, ಆಮೇಲೆ ತೋಟ, ಆಮೇಲೆ ಊರು. ಕೊನೆಯ ಗೊನೆ ಬಿದ್ದು ಐವತ್ತು ವರ್ಷ ದಾಟಿತ್ತು.

ಸತ್ತು ಹೋದ ಬಾಳೆಯನ್ನು ಎಳೆ ಎಳೆಯಾಗಿ ಮತ್ತೆ ನೇಯಬಹುದಾದರೆ? ಈ ಒಂದು ಪ್ರಶ್ನೆ ಹಿಡಿದುಕೊಂಡೇ ಕೇಂದ್ರದವರು ಆ ಯಂತ್ರವನ್ನು ಕಟ್ಟಿದ್ದರು. ಅದಕ್ಕೆ ಉದ್ದದ ಹೆಸರೊಂದಿತ್ತು; ಎಲ್ಲರೂ ಕರೆಯುತ್ತಿದ್ದದ್ದು ಮಗ್ಗ ಅಂತ. ಬೀರುವಿನಷ್ಟು ಎತ್ತರದ ಗಾಜಿನ ಪೆಟ್ಟಿಗೆ. ಅದು ಕಾಡುಬಾಳೆಗಳಿಂದ ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಓದಿ, ಬೇಕಾದಂತೆ ತಿದ್ದಿ, ಒಳಗು ಖಾಲಿ ಮಾಡಿದ ಒಂದು ಬಾಳೆಕೋಶದೊಳಗೆ ಮೂವತ್ತಮೂರನ್ನೂ ಕೂರಿಸುತ್ತಿತ್ತು. ಕೋಶ ಬೆಳೆದು ಸಸಿಯಾಗಬೇಕು, ಸಸಿ ಗಿಡವಾಗಿ ಗೊನೆ ಹಾಕಬೇಕು. ಒಂದು ಪ್ರಯತ್ನಕ್ಕೆ ಒಂದು ವರ್ಷದ ಮೇಲಷ್ಟು. ಮೂರು ಪ್ರಯತ್ನಗಳು ಆಗಿದ್ದವು.

ಮೂರನೆಯದರ ಹಣ್ಣು ಈಗ ಕೇಂದ್ರದ ಕ್ವಾರ್ಟರ್ಸಿನ ಜಗಲಿಯಲ್ಲಿ ದುಂಡಮ್ಮನ ಅಂಗೈ ಮೇಲಿತ್ತು. ಮೂಲದ ಗಂಧ ಹೇಗಿತ್ತೆಂದು ಯಾವ ಯಂತ್ರವೂ ಅಳೆದಿಟ್ಟಿರಲಿಲ್ಲ. ಅದು ಉಳಿದದ್ದು ಕೆಲವರ ನೆನಪಿನಲ್ಲಿ. ಕೇಂದ್ರದ ಪಟ್ಟಿಯಲ್ಲಿದ್ದ ಮೂವರು ಸಾಕ್ಷಿಗಳಲ್ಲಿ ಇಬ್ಬರು ತೀರಿಕೊಂಡಿದ್ದರು. ಎಂಬತ್ತನಾಲ್ಕರ ದುಂಡಮ್ಮ ಒಬ್ಬಳೇ ಉಳಿದ ನಾಲಿಗೆ.

ಅವಳು ಸಿಪ್ಪೆ ಸುಲಿದಳು. ಮೂಸಿದಳು. ಚೂರು ಮುರಿದು ನಾಲಿಗೆಯ ತುದಿಗೆ ಇಟ್ಟು, ಕಣ್ಣು ಮುಚ್ಚಿ, ಮತ್ತೆ ತೆಗೆದು ತಟ್ಟೆಗೆ ಹಾಕಿದಳು.

"ಅಲ್ಲ ಕೂಸೇ. ಇವ್ಳಲ್ಲ."

"ಇನ್ನೊಂದ್ಸಲ ಮೂಸಿ ನೋಡಜ್ಜಿ."

"ಎಷ್ಟ್ ಸಲ ಮೂಸುದ್ರೂ ಅಷ್ಟೇ. ಸಿಹಿ ಅದೆ, ಬಣ್ಣ ಅದೆ, ಸಿಪ್ಪೆ ತೆಳ್ಳಗದೆ. ಆದ್ರೆ ಇವ್ಳು ಮನೆ ಮಗಳಲ್ಲ, ನೆಂಟ್ರ ಕೂಸು."

"ನುಂಗಿಯಾದ್ರೂ ನೋಡು."

"ಬಾಳೆಹಣ್ಣ ಕಾಶೀಲಿ ಬುಟ್ಟಿವ್ನಿ ಅಂತ ಎಷ್ಟ್ ಸಲ ಹೇಳ್ಬೇಕು ನಿಂಗೆ?"

"ನೀನು ಕಾಶಿಗೇ ಹೋಗಿಲ್ವಲ್ಲಜ್ಜಿ!"

"ಹೋಗ್ದೆ ಇದ್ರೇನು? ಮನಸ್ನಲ್ಲೇ ಹೋಗಿ ಬುಟ್ಟು ಬಂದೆ. ಬಸ್ ಚಾರ್ಜು ಉಳೀತು."

ಮಾದಲಾ ನಕ್ಕಳು. ಅವಳು ಹುಟ್ಟಿದಾಗಿನಿಂದ ಅಜ್ಜಿ ಬಾಳೆಹಣ್ಣು ತಿಂದದ್ದನ್ನು ನೋಡಿರಲಿಲ್ಲ. ಹೂ ಕಟ್ಟುವಾಗಲೂ ಬಾಳೆನಾರು ಮುಟ್ಟುತ್ತಿರಲಿಲ್ಲ, ಹತ್ತಿಯ ದಾರವೇ ಆಗಬೇಕು. ಹಿಂದಿನವರಿಗೆ ಇಂಥವು ನೂರಿರುತ್ತವೆ ಎಂದು ಮಾದಲಾ ಕೇಳಲು ಹೋಗಿರಲಿಲ್ಲ. ಅವಳಿಗಿದ್ದ ಆಸೆ ಬೇರೆ. ಅಜ್ಜಿ ಕತೆಯಲ್ಲಿ ಹೇಳುತ್ತಿದ್ದ ಆ ಗಂಧ, 'ಗೊನೆ ಹಣ್ಣಾದ್ರೆ ದಾರೀಲಿ ಹೋಗೋ ಬಳೆಗಾರ್ತಿ ನಿಂತು ಯಾರ ಮನೇದವ್ವ ಅಂತ ಕೇಳ್ತಿದ್ಲು' ಎಂಬ ಆ ಗಂಧ, ಅಜ್ಜಿ ಇರುವಾಗಲೇ ಅಜ್ಜಿಯ ಮೂಗಿಗೆ ಮುಟ್ಟಬೇಕು. ಕೇಂದ್ರದವರು ಇನ್ನೊಂದೇ ಪ್ರಯತ್ನಕ್ಕೆ ಒಪ್ಪಿದ್ದರು. ಅಜ್ಜಿಗೂ ಇನ್ನೆಷ್ಟು ವರ್ಷ?

*

"ಅಜ್ಜಿ ಎಂತ ಹೇಳಿದರು?" ಎಂದರು ಪ್ರೆಸಿಲ್ಲಾ ಮೇಡಂ, ಮಗ್ಗದ ಗಾಜು ಒರೆಸುತ್ತ. ಮಂಗಳೂರಿನವರು, ಮಗ್ಗದ ಕೋಣೆಗೆ ಅವರೇ ಯಜಮಾನಿ.

"ನೆಂಟರ ಕೂಸು ಅಂದ್ರು ಮೇಡಂ."

"ಅಯ್ಯೋ ದೇವರೇ! ಹೋದ ಸಲ ಮಲಮಗಳು, ಈ ಸಲ ನೆಂಟರ ಕೂಸು. ಹತ್ತಿರ ಬರ್ತಾ ಉಂಟಾ, ದೂರ ಹೋಗ್ತಾ ಉಂಟಾ, ಅದನ್ನಾದರೂ ಕೇಳು ಮಾರಾಯ್ತಿ."

ಅವರಿಬ್ಬರೂ ಪರದೆಯ ಮುಂದೆ ಕೂತರು. ಗಂಧಬಾಳೆಯದೆಂದು ಕೇಂದ್ರದ ಬಳಿ ಇದ್ದದ್ದು ಹಳೆಯ ಲಕೋಟೆಯೊಂದರ ಎಲೆಪುಡಿ ಮಾತ್ರ. ಪುಸ್ತಕವನ್ನು ಒರಳಿಗೆ ಹಾಕಿ ಕುಟ್ಟಿದ ಹಾಗಿತ್ತು ಅದು. ಯಾವ ಯಾವ ಮಾತುಗಳಿದ್ದವು ಎಂದು ತಿಳಿಯುತ್ತಿತ್ತು. ಯಾವ ಮಾತಿನ ಪಕ್ಕ ಯಾವ ಮಾತಿತ್ತು ಎಂದು ತಿಳಿಯುತ್ತಿರಲಿಲ್ಲ.

"ನಾವು ಎಂತ ಮಾಡಿದ್ದು? ಸಿಹಿಯದ್ದು ಬೇರೆ, ಗಟ್ಟಿಯದ್ದು ಬೇರೆ ಅಂತ ನೀಟಾಗಿ ಮೂರು ಕಟ್ಟು ಮಾಡಿ ನೇಯ್ದದ್ದು. ಆದರೆ ನೂರಾರು ವರ್ಷ ಒಂದೇ ಮನೆಯಲ್ಲಿದ್ದವರು ಸೀರೆ ಬದಲಾಯಿಸಿಕೊಳ್ಳದೆ ಇರ್ತಾರಾ? ಇವಳ ಎಳೆಯ ತುದಿ ಅವಳಿಗೆ, ಅವಳದ್ದು ಇವಳಿಗೆ ಹೋಗಿರಬಹುದು. ಪುಡಿಯಲ್ಲಿ ಅದು ಕಾಣುವುದಿಲ್ಲ."

"ಯಾವುದರಲ್ಲಿ ಕಾಣುತ್ತೆ?"

"ಹಸಿಯಾಗಿದ್ದಾಗಲೇ ಒಂದೇ ಏಟಿಗೆ ಒಣಗಿದ್ದು ಬೇಕು. ಬಿಸಿಗೆ ಕೂಡಲೇ ಒಣಗಿದರೆ ಕೋಶದ ಒಳಗೆ ಎಳೆಗಳು ನಿಂತಲ್ಲೇ ನಿಲ್ಲುತ್ತವೆ, ಅರಗಿನಲ್ಲಿ ಸಿಕ್ಕಿಬಿದ್ದ ಇರುವೆಯ ಹಾಗೆ. ಆದರೆ ಐವತ್ತು ವರ್ಷದ ಹಿಂದೆ ಯಾರು ಬಾಳೆಯನ್ನು ಹಾಗೆ ಒಣಗಿಸಿ ಇಟ್ಟಿರ್ತಾರೆ?"

ಸಂಜೆ ಮುದ್ದೆ ಮುರಿಯುತ್ತ ಮಾದಲಾ ಅದನ್ನೇ ಕೇಳಿದಳು. "ಅಜ್ಜಿ, ಆ ಕಾಲದ್ದು ಒಣಗಿದ್ದು ಏನಾದ್ರೂ ಎಲ್ಲಾದ್ರೂ ಉಳಿದಿರ್ಬೋದಾ? ಎಲೆ, ಪಟ್ಟೆ, ನಾರು?"

ದುಂಡಮ್ಮನ ಕೈ ಸಾರಿನ ಬಟ್ಟಲಲ್ಲೇ ನಿಂತಿತು. "ಎಲ್ಲುಳೀತದೆ ಬುಡು," ಎಂದಳು. ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ಮೂರು ದಿನ ಕಳೆದು, ಮಾದಲಾ ಕೆಲಸಕ್ಕೆ ಹೊರಡುವ ಹೊತ್ತಿಗೆ ಬುತ್ತಿಯ ಪಕ್ಕದಲ್ಲಿ ಅರಿಸಿನ ಬಟ್ಟೆಯ ಗಂಟೊಂದು ಇತ್ತು. ಬಿಚ್ಚಿದರೆ ಸುರುಳಿ ಸುತ್ತಿದ ನಾರು, ಕಂದು ಬಣ್ಣಕ್ಕೆ ತಿರುಗಿದ್ದು, ಗಂಟಿನ ಸಂದಿನಲ್ಲಿ ಕರಿಮಣ್ಣು ಅಂಟಿದ್ದು.

"ನಮ್ಮವ್ವ ಕಟ್ಟಿದ್ದು," ಎಂದಳು ದುಂಡಮ್ಮ, ಮುಖ ತಿರುಗಿಸಿಕೊಂಡೇ.

ಆಗ ಹೇಳಿದಳು. ತೊರೆಹುಂಡಿ ಅವಳ ತವರು. ಆ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಕ್ಕಿಯ ಜೊತೆ ಗಂಧಬಾಳೆಯ ಒಂದು ಕಂದನ್ನೂ ಮಡಿಲಿಗಿಡುತ್ತಿದ್ದರು. ಕಂದು ಹೊಸ ನೆಲಕ್ಕೆ ಬೆದರಬಾರದೆಂದು ಅದರ ಬುಡಕ್ಕೆ ತವರಿನ ಒಂದು ಹಿಡಿ ಮಣ್ಣು. ಹಿಂದಿನ ದಿನ ತಾಯಿಬಾಳೆಯಿಂದಲೇ ನಾರು ಸೀಳಿ, ಉರಿಯುವ ಒಲೆಯ ಬಿಸಿಗಲ್ಲಿನ ಮೇಲೆ ಚುರ್ ಎನ್ನುವಂತೆ ಒಣಗಿಸಿ, ಅದರಿಂದ ಬುಡ ಕಟ್ಟುತ್ತಿದ್ದರು. ಹೆಣ್ಣು ಅಡುಗೆಮನೆಗೆ ಕಾಲಿಡುವ ಮೊದಲೇ ಹಿತ್ತಿಲಲ್ಲಿ ಕಂದು ನೆಡಬೇಕು, ನಾರನ್ನು ಧಾರೆಸೀರೆಯ ಜೊತೆ ಪೆಟ್ಟಿಗೆಯಲ್ಲಿ ಇಡಬೇಕು.

"ಅಜ್ಜೀ! ಬಿಸಿಗಲ್ಲಿನ ಮೇಲೆ ಒಣಗಿಸಿದ್ದು! ನಮಗೆ ಬೇಕಿದ್ದಿದ್ದು ಇದೇ. ಮೂರು ವರ್ಷದಿಂದ ಯಾಕೆ ಹೇಳ್ಲಿಲ್ಲ ನೀನು?"

ದುಂಡಮ್ಮ ನಾರನ್ನು ಮತ್ತೆ ಅರಿಸಿನ ಬಟ್ಟೆಯಲ್ಲಿ ಸುತ್ತಿದಳು. "ನಿಮ್ಮ ಮಗ್ಗ ಇದ್ರಲ್ಲಿ ಏನೇನದೆ ಎಲ್ಲಾನೂ ಹೇಳ್ತದಾ?" ಎಂದು ಕೇಳಿದಳು.

"ಎಲ್ಲಾನೂ ಹೇಳತ್ತೆ."

"ಹೇಳ್ಲಿ ಬುಡು. ತಕ್ಕೊಂಡ್ ಹೋಗು."

*

ಒಂಬತ್ತನೆಯ ದಿನ ಮಗ್ಗ ಓದಿ ಮುಗಿಸಿತು. ಪರದೆಯ ಮೇಲೆ ಮೂವತ್ತಮೂರು ಎಳೆಗಳು ಬಣ್ಣ ಬಣ್ಣವಾಗಿ ಬಂದು ನಿಂತವು. ಸಿಹಿ ಕುಲದವು ಹಳದಿ, ಗಟ್ಟಿ ಕುಲದವು ನೀಲಿ. ಎಲ್ಲ ನಿರೀಕ್ಷಿಸಿದಂತೆಯೇ, ಹನ್ನೊಂದು ಬಗೆಗಳಲ್ಲಿ ನಾಲ್ಕನೆಯದೊಂದನ್ನು ಬಿಟ್ಟು. ಅಲ್ಲಿ ಹಳದಿಯ ತುದಿಗೆ ನೀಲಿ, ನೀಲಿಯ ತುದಿಗೆ ಹಳದಿ.

ಪ್ರೆಸಿಲ್ಲಾ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡು, ಸೆರಗಿಗೆ ಸೆರಗು! ನಿನ್ನ ಅಜ್ಜಿಯ ಕತೆ ಉಂಟಲ್ಲ, ಅದಕ್ಕೆ ನಾವು ಸಂಬಳ ಕೊಡಬೇಕು ಮಾರಾಯ್ತಿ."

ಆ ತುದಿಯಲ್ಲೇ ಇತ್ತು ಗಂಧ ಕಟ್ಟುವ ಪಾಠ. ಸಿಹಿಯವಳ ಬಳಿ ಇದ್ದಾಗ ಅದು ಬಾಯಿ ಬಿಡದು. ಗಟ್ಟಿಯವಳ ಪಕ್ಕ ಕೂತಾಗ ಮಾತ್ರ ಹಾಡುತ್ತದೆ. ಮಾದಲಾ ಕೂತಲ್ಲೇ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಸ್ವಲ್ಪ ಹೊತ್ತಾದ ಮೇಲೆ ಮೇಡಂ ಇನ್ನೊಂದು ಹಾಳೆಯನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದರು. ದನಿ ತಗ್ಗಿತ್ತು. "ನಾರಿಗೆ ಮಣ್ಣು ಅಂಟಿತ್ತಲ್ಲ. ಮಗ್ಗ ಅದನ್ನೂ ಓದಿದೆ. ನಾನು ಕೇಳಿರಲಿಲ್ಲ."

ಮಣ್ಣಿನಲ್ಲಿ ಸೊರಗು ರೋಗದ ಬೂಷ್ಟು ಇತ್ತು.

ಕೇಂದ್ರದ ಗೋಡೆಯ ಮೇಲೊಂದು ಹಳೆಯ ನಕ್ಷೆ ನೇತಾಡುತ್ತಿತ್ತು, ಯಾವ ಊರಿಗೆ ರೋಗ ಯಾವಾಗ ಬಂತು ಎಂದು ಕೆಂಪು ಚುಕ್ಕಿ ಇಟ್ಟದ್ದು. ಆ ಚುಕ್ಕಿಗಳು ಹೊಳೆಯ ಹರಿವಿನಂತೆಯೂ ಹೋಗಿರಲಿಲ್ಲ, ಗಾಳಿಯಂತೆಯೂ ಹೋಗಿರಲಿಲ್ಲ. ಊರು ಬಿಟ್ಟು ಊರಿಗೆ ಹಾರಿದ್ದವು. ಯಾಕೆಂದು ಯಾರಿಗೂ ತಿಳಿದಿರಲಿಲ್ಲ. ಮಾದಲಾ ಆ ನಕ್ಷೆಯ ಮುಂದೆ ಹೋಗಿ ನಿಂತಳು. ತೊರೆಹುಂಡಿ. ಅಲ್ಲಿಂದ ಕಡವಿನಪುರ, ಅಜ್ಜಿ ಸೊಸೆಯಾಗಿ ಬಂದ ಊರು. ಅಲ್ಲಿಂದ ನಾಲ್ಕು ಊರುಗಳು. ಆ ನಾಲ್ಕರ ಹೆಸರನ್ನೂ ಅವಳು ಚಿಕ್ಕಂದಿನಿಂದ ಕೇಳಿದ್ದಳು. ಅಜ್ಜಿಯ ನಾಲ್ವರು ನಾದಿನಿಯರನ್ನು ಕೊಟ್ಟ ಊರುಗಳು. ಅತ್ತೆ ಇಲ್ಲದ ಮನೆಯಲ್ಲಿ ಅವರ ಮಡಿಲು ತುಂಬಿದವಳು ಅಜ್ಜಿಯೇ.

ರೋಗ ಮದುವೆಯ ದಾರಿ ಹಿಡಿದು ಹೋಗಿತ್ತು.

"ನಾನು ವರದಿಯಲ್ಲಿ ಹೆಸರು ಬರೆಯುವುದಿಲ್ಲ," ಎಂದರು ಮೇಡಂ. "ಅಜ್ಜಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು."

ಮನೆಗೆ ಬಂದಾಗ ದುಂಡಮ್ಮ ಬಾಗಿಲಲ್ಲೇ ಕೂತಿದ್ದಳು. "ಏನಂತು?"

"ಸಿಕ್ತು ಅಜ್ಜಿ! ಎರಡು ಎಳೆ ಸೆರಗು ಬದಲಾಯಿಸ್ಕೊಂಡಿದ್ವು, ನಿನ್ನ ಕತೇಲಿ ಇದ್ದ ಹಾಗೇ."

"ಮತ್ತೇನಂತು?"

"ಮತ್ತೇನಿಲ್ಲ."

"ಹೂಂ," ಎಂದಳು ದುಂಡಮ್ಮ. ಗೋಡೆ ಹಿಡಿದು ಎದ್ದು ಒಳಗೆ ಹೋದಳು.

*

ನಾಲ್ಕನೆಯ ಗಿಡವನ್ನು ಕೇಂದ್ರದ ಗಾಜಿನಮನೆಯಲ್ಲಿ, ತೆಂಗಿನ ನಾರಿನ ಪುಡಿ ತುಂಬಿದ ದೊಡ್ಡ ತೊಟ್ಟಿಯಲ್ಲಿ ಬೆಳೆಸಿದರು. ಅದು ಮೊಳೆತದ್ದು, ಎಲೆ ಬಿಚ್ಚಿದ್ದು, ಹೂವಿನ ಮೂತಿ ಹಾಕಿದ್ದು, ಒಂದೊಂದನ್ನೂ ಮಾದಲಾ ಮನೆಯಲ್ಲಿ ಹೇಳುತ್ತಿದ್ದಳು. ಬಸುರಿ ಮಗಳ ಸುದ್ದಿ ಕೇಳುವವಳಂತೆ ದುಂಡಮ್ಮ ಕೇಳುತ್ತಿದ್ದಳು. ಆದರೂ ಆ ವರ್ಷ ಇಬ್ಬರ ನಡುವೆ ಏನೋ ಒಂದು ಬಂದು ಕೂತಿತ್ತು. ಅಜ್ಜಿ ಕತೆ ಹೇಳಿದರೆ ಮಾದಲಾ ಮೊದಲಿನಂತೆ 'ಹೂಂ' ಗುಟ್ಟುತ್ತಿರಲಿಲ್ಲ. ಅವಳ ಕಣ್ಣು ಅಜ್ಜಿಯ ಮಡಿಲಿಗೆ ಹೋಗುತ್ತಿತ್ತು, ಅಲ್ಲಿಂದ ನೆಲಕ್ಕೆ.

ಕಾರ್ತಿಕದ ಒಂದು ಮಧ್ಯಾಹ್ನ ಅವಳು ಹೊಸ ಗೊನೆಯ ಹಣ್ಣಿನ ಚಿಪ್ಪೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಗೇಟಿನ ಹತ್ತಿರ ಬಂದಿದ್ದಳಷ್ಟೇ.

"ಯಾರ ಮನೇದವ್ವ?" ಎಂಬ ಕೂಗು ಒಳಗಿನಿಂದ ಬಂತು.

ಮಾದಲಾಳ ಕಾಲು ಅಲ್ಲೇ ನಿಂತಿತು.

ದುಂಡಮ್ಮ ಹೊರಗೆ ಬಂದಾಗ ಅವಳ ಸೆರಗು ಜಾರಿತ್ತು, ಅದರ ಪರಿವೆ ಅವಳಿಗಿರಲಿಲ್ಲ. ಹಣ್ಣನ್ನು ಕೈಯಲ್ಲಿ ಹಿಡಿದಳು, ಸುಲಿಯಲಿಲ್ಲ. ಕೆನ್ನೆಗೆ ಒತ್ತಿಕೊಂಡಳು. ಆ ಜಗಲಿಯ ತುಂಬ ಆಲೆಮನೆಯ ಹೊಗೆ, ಆಗತಾನೆ ಕಾಯಿಸಿದ ತುಪ್ಪ, ಬಿಚ್ಚುವ ಮಲ್ಲಿಗೆ ಎಲ್ಲ ಸೇರಿದಂಥ, ಆದರೆ ಅದು ಯಾವುದೂ ಅಲ್ಲದ ಒಂದು ಗಂಧ ಹರಡಿತ್ತು. ಈ ಗೊನೆಗೆ ಮೊದಲು ಮಾದಲಾ ಅದನ್ನು ಎಂದೂ ಮೂಸಿರಲಿಲ್ಲ, ಆದರೂ ಅವಳಿಗೆ ಅದು ಗುರುತಿತ್ತು.

"ಇವ್ಳೇ ಕೂಸೇ," ಎಂದಳು ದುಂಡಮ್ಮ. "ಇವ್ಳೇ."

ಸುಲಿದಳು. ಬಾಯಿಗಿಟ್ಟಳು. ನುಂಗಿದಳು. ಐವತ್ತು ವರ್ಷದ ಮೇಲೆ ನುಂಗಿದಳು. ಆಮೇಲೆ ಕಣ್ಣೀರು ಒರೆಸಿಕೊಳ್ಳದೆ ಕೇಳಿದಳು: "ಆ ನಾರಲ್ಲಿ ಮಣ್ಣಿತ್ತಲ್ಲ. ಮಣ್ಣೇನಂತು?"

ಮಾದಲಾ ಬಗ್ಗಿ ಸಿಪ್ಪೆ ಎತ್ತಿಕೊಳ್ಳಲು ಹೋದಳು.

"ನಿಂಗೆ ಸುಳ್ಳು ಹೇಳಕ್ಕೆ ಬರಕಿಲ್ಲ. ಒಂದ್ ವರ್ಸದಿಂದ ನನ್ನ ಮೊಕ ನೋಡ್ದೆ ಅನ್ನ ಇಕ್ತಿದ್ದೀಯ."

"ನಿಂಗೆ ಗೊತ್ತಿತ್ತಾ ಅಜ್ಜಿ?"

"ಗೊತ್ತಿಲ್ದೆ? ಹಳದಿ ಸುರುವಾಗಿದ್ದೇ ನಾ ನೆಟ್ಟ ಮೂಲೆಯಿಂದ. ಅಲ್ಲಿಂದ ಸುತ್ತ ಸುತ್ತ ಹೋಯ್ತು, ಎಣ್ಣೆ ಚೆಲ್ಲಿದಂಗೆ. ಮೊದಲ ಮೂವರು ನಾದಿನೀರ್ಗೆ ಕಂದು ಕೊಡೋವಾಗ ನಂಗೂ ತಿಳೀದು, ಯಾರ್ಗೂ ತಿಳೀದು. ಅದು ಬುಡು. ಕೊನೇವ್ಳು ಸಣ್ತಾಯಿ. ಅವ್ಳ ಮದ್ವೆ ಹೊತ್ಗೆ ತೋಟ ಅರ್ಧ ಹೋಗಿತ್ತು. ನಾ ಕಂದು ಕೀಳಕ್ಕೆ ಹೋದೆ. ತಾಯಿಗಿಡದಲ್ಲಿ ಒಂದೆಲೆ ಅಂಚು ಹಳದಿ. ನೋಡ್ದೆ. ನೋಡೀನೂ ಕಿತ್ತೆ. ಮಣ್ಣನ್ನೂ ಹಾಕ್ದೆ."

"ಯಾಕಜ್ಜಿ?"

"ಅವ್ವ ಇಲ್ದಿರೋ ಕೂಸು ಕಣೆ ಅದು. ಬೇಕು ಅಂತ ಅಳ್ತಾ ಮಡ್ಲು ಒಡ್ಕೊಂಡ್ ಕುಂತಿತ್ತು. ಮೂರು ಜನಕ್ಕೆ ಕೊಟ್ಟು ಇವ್ಳೊಬ್ಳನ್ನ ದಡದಲ್ಲಿ ಬುಡಕ್ಕಾಯ್ತದಾ?"

ಮೂವರು ಅಕ್ಕತಂಗಿಯರ ಕತೆಯಲ್ಲಿ ಉಳಿದವಳ ಅಳುವನ್ನು ಅಜ್ಜಿ ಯಾಕೆ ಅಷ್ಟು ಹೊತ್ತು ಹೇಳುತ್ತಿದ್ದಳೆಂದು ಮಾದಲಾಳಿಗೆ ಆಗ ತಿಳಿಯಿತು. ಅವಳು ಜಗಲಿಯ ಮೇಲೆ ಕೂತು, ಎಷ್ಟೋ ವರ್ಷಗಳ ಮೇಲೆ ಅಜ್ಜಿಯ ತೊಡೆಗೆ ತಲೆಯಿಟ್ಟಳು. ಅಜ್ಜಿಯ ಬೆರಳುಗಳಲ್ಲಿ ಬಾಳೆಯ ಗಂಧವಿತ್ತು.

"ಅವಳ ತೋಟವೂ ಹೋಯ್ತಾ?"

"ಹೋಯ್ತು. 'ನನ್ನ ಮದ್ವೆ ಬಾಳೆ ನಿಲ್ಲಲಿಲ್ಲ ಅತ್ಗೆ, ನನ್ನ ಕೈಗುಣಾನೇ ಸರಿಯಿಲ್ಲ' ಅಂದ್ಲು. ಇವತ್ತಿಗೂ ಹಂಗೇ ಅಂದ್ಕೊಂಡವ್ಳೆ."

*

ಮುಂದಿನ ಬೇಸಿಗೆಗೆ ಸಸಿಗಳು ಸಿದ್ಧವಾದವು. ಹೊಳೆಸಾಲಿನ ಮಣ್ಣಿನಲ್ಲಿ ಬೂಷ್ಟು ಇನ್ನೂ ಕಾದಿದೆ, ಆದ್ದರಿಂದ ಮಣ್ಣು ಸೋಕದ ಸಸಿಗಳನ್ನು ಗಾಜಿನ ಬಾಟಲಿಯಲ್ಲೇ ಕೊಡುವುದು, ತಾರಸಿಯ ತೊಟ್ಟಿಗಳಲ್ಲಷ್ಟೇ ಬೆಳೆಸುವುದು ಎಂದು ಕೇಂದ್ರ ನಿಯಮ ಮಾಡಿತು. ಮೊದಲ ಬಾಟಲಿ ಯಾರಿಗೆ ಎಂದು ಪ್ರೆಸಿಲ್ಲಾ ಮೇಡಂ ದುಂಡಮ್ಮನನ್ನೇ ಕೇಳಿದರು.

ಕೊನೆಯ ನಾದಿನಿ ಸಣ್ಣತಾಯಮ್ಮ ಮೊಮ್ಮಗನ ಕಾರಿನಲ್ಲಿ ಬಂದಿಳಿದಳು. ಎಪ್ಪತ್ತೇಳು ವರ್ಷ, ಕೋಲು, ಬೊಚ್ಚುಬಾಯಿಯ ತುಂಬ ನಗು. ಹಿಂದೊಮ್ಮೆ ನಾಡಿಗೆಲ್ಲ ಹಬ್ಬಿದ ಸಾಂಕ್ರಾಮಿಕ ಜ್ವರದಲ್ಲಿ ಹೋದ ವಾಸನೆ ಹಿಡಿಯುವ ಶಕ್ತಿ ಅವಳಿಗೆ ಮತ್ತೆ ಬಂದಿರಲಿಲ್ಲ. ಅದಕ್ಕೇ ಕೇಂದ್ರದ ಸಾಕ್ಷಿಗಳ ಪಟ್ಟಿಗೆ ಅವಳು ಸೇರಿರಲಿಲ್ಲ. ಹಣ್ಣನ್ನು ಮೂಗಿಗೆ ಹಿಡಿದು, "ನಂಗೇನೂ ತಿಳೀದು ಕನ ಅತ್ಗೆ. ನೀವು ಅದೇ ಅಂದ್ರೆ ಅದೇಯ," ಎಂದಳು.

ದುಂಡಮ್ಮ ಅವಳನ್ನು ಮಣೆಯ ಮೇಲೆ ಕೂರಿಸಿದಳು. ಅರಿಸಿನ ಕುಂಕುಮ ಇಟ್ಟಳು.

"ಈ ವಯಸ್ನಲ್ಲಿ ಇನ್ನೊಂದು ಮದ್ವೆ ಮಾಡ್ತೀರಾ ನಂಗೆ?"

"ಗಂಡು ಸಿಕ್ಕುದ್ರೆ ಮಾಡ್ತೀನಿ. ಮಡ್ಲು ಒಡ್ಡು ಸುಮ್ಕೆ."

ಸಣ್ಣತಾಯಮ್ಮ ನಗುತ್ತ ಸೆರಗು ಹರಡಿದಳು. ಅಕ್ಕಿ ಬಿತ್ತು, ಕಾಯಿ ಬಿತ್ತು, ಬೆಲ್ಲದ ಅಚ್ಚು, ವೀಳ್ಯದೆಲೆ. ಕೊನೆಗೆ ದುಂಡಮ್ಮ ಎರಡು ಕೈಯಲ್ಲಿ ಬಾಟಲಿಯನ್ನು ಎತ್ತಿ ಇಟ್ಟಳು. ಗಾಜಿನೊಳಗೆ ಬೆರಳುದ್ದದ ಹಸುರು, ತಿಳಿಯಾದ ನೀರಿನಂಥದರಲ್ಲಿ ಬಿಳಿ ಬೇರು, ಹತ್ತಿಯ ದಾರದಲ್ಲಿ ಕಟ್ಟಿದ ಮುಚ್ಚಳ. ದುಂಡಮ್ಮನ ಕೈ ಬಾಟಲಿಯನ್ನು ಬಿಡದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಸಣ್ಣತಾಯಮ್ಮ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಹುಬ್ಬು ಗಂಟಿಕ್ಕಿತು.

"ಅತ್ಗೆ, ಇದ್ರಲ್ಲಿ ಮಣ್ಣೇ ಇಲ್ವಲ್ಲ. ಮಣ್ಣು ಹಾಕೋದ್ ಮರ್ತ್ರಾ?"

ಮಾದಲಾ ಅಜ್ಜಿಯ ಮುಖ ನೋಡಿದಳು. ದುಂಡಮ್ಮ ನಾದಿನಿಯ ಪಕ್ಕ ನೆಲದ ಮೇಲೆ, ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕೂತಳು.

"ಮರ್ತಿಲ್ಲ ಕಣವ್ವ," ಎಂದಳು. "ನಿನ್ನ ಕೈಗುಣ ಸರಿಯಾಗೇ ಇತ್ತು. ಕೂತ್ಕೊ, ಹೇಳ್ತೀನಿ."